ದಿನಕ್ಕೊಂದು ಮಾತ್ರೆ ಮತ್ತು ನಮ್ಮ ಮರ್ಯಾದೆ

ಅಳದ ಮಗುವನ್ನು ಹೊಗಳುವುದು ನಮ್ಮ ಮನೆಗಳ ವಾಡಿಕೆ. ‘ಬಹಳ ಸಾಧು ಮಗು, ಹಾಲಿಗೂ ಹಟ ಮಾಡುವುದಿಲ್ಲ, ಮಲಗಿಸಿದರೆ ಮಲಗಿಯೇ ಇರುತ್ತದೆ’ ಎಂದು ದಾದಿ, ನಾನಿಯರು ಬಂದವರೊಡನೆ ಹೇಳಿ ಹಿಗ್ಗುತ್ತಾರೆ. ಹುಟ್ಟಿದಾಗಿನ ಕಾಮಾಲೆ ಎರಡು ವಾರ ಕಳೆದರೂ ಇಳಿಯದಿದ್ದರೆ ಎಳೆಬಿಸಿಲು ತೋರಿಸುತ್ತಾರೆ. ಮೂರು ನಾಲ್ಕು ದಿನಕ್ಕೊಮ್ಮೆ ಮಲವಿಸರ್ಜನೆಯಾದರೆ ಬಾಣಂತಿಯ ಪಥ್ಯ ಸರಿಯಿಲ್ಲವೆನ್ನುತ್ತಾರೆ. ಅಳುವಿನ ಧ್ವನಿ ಒರಟಾಗಿದ್ದರೆ ಅದು ಮಲೆನಾಡಿನ ಶೀತ. ಹೊಕ್ಕುಳು ಉಬ್ಬಿದ್ದರೆ ಅದರ ಮೇಲೊಂದು ನಾಣ್ಯವಿಟ್ಟು ಬಟ್ಟೆ ಕಟ್ಟಿದರಾಯಿತು. ಇವುಗಳಲ್ಲಿ ಒಂದೊಂದೂ ಬಿಡಿಯಾಗಿ ಏನೂ ಅಲ್ಲದಿರಬಹುದು. ಆದರೆ ಇವೆಲ್ಲವೂ ಒಂದೇ ಮಗುವಿನಲ್ಲಿ ಕೂಡಿ ಬಂದಾಗ, ಆ ಮಗುವಿನ ಕೊರಳಿನ ಥೈರಾಯ್ಡ್ ಗ್ರಂಥಿ ಕೆಲಸ ಮಾಡುತ್ತಿದೆಯೇ ಎಂದು ಕೇಳಬೇಕಾಗುತ್ತದೆ. ಹಾಗೆ ಕೇಳಲು ಇರುವ ಕಾಲಾವಕಾಶ ಬಹಳ ಕಡಿಮೆ.

ವೈದ್ಯರು ಇದನ್ನು ಜನ್ಮಜಾತ ಹೈಪೋಥೈರಾಯ್ಡಿಸಂ ಎಂದು ಕರೆಯುತ್ತಾರೆ. ಥೈರಾಯ್ಡ್ ಗ್ರಂಥಿಯು ಸ್ರವಿಸುವ ಥೈರಾಕ್ಸಿನ್ ಎಂಬ ಹಾರ್ಮೋನು ಇಲ್ಲದೆ ಎಳೆಯ ಮೆದುಳು ಬೆಳೆಯಲಾರದು. ಮೊದಲ ಎರಡು ಮೂರು ವರ್ಷಗಳಲ್ಲಿ, ಅದರಲ್ಲೂ ಮೊದಲ ಕೆಲವು ತಿಂಗಳುಗಳಲ್ಲಿ ಆ ಹಾರ್ಮೋನು ದೊರೆಯದಿದ್ದರೆ ಆಗುವ ನಷ್ಟವನ್ನು ಮುಂದೆ ಯಾವ ಔಷಧವೂ ತುಂಬಿಕೊಡುವುದಿಲ್ಲ. ಹುಟ್ಟಿದ ಎರಡು ವಾರಗಳೊಳಗೆ ಚಿಕಿತ್ಸೆ ಆರಂಭವಾದರೆ ಅದೇ ಮಗು ಇತರ ಮಕ್ಕಳಂತೆಯೇ ನಡೆಯುತ್ತದೆ, ಮಾತನಾಡುತ್ತದೆ, ಓದುತ್ತದೆ. ಚಿಕಿತ್ಸೆಯೆಂದರೆ ಶಸ್ತ್ರಕ್ರಿಯೆಯೂ ಅಲ್ಲ, ಬೆಂಗಳೂರಿನ ದೊಡ್ಡ ಆಸ್ಪತ್ರೆಯ ವಾಸವೂ ಅಲ್ಲ. ದಿನಕ್ಕೊಂದು ಮಾತ್ರೆ, ಅಷ್ಟೆ. ಅದರ ಬೆಲೆ ಹೋಟೆಲಿನ ಒಂದು ಲೋಟ ಚಹಾಕ್ಕಿಂತ ಕಡಿಮೆ.

ಇಷ್ಟು ಸುಲಭವಾದುದು ನಮ್ಮ ಮನೆಗಳಲ್ಲಿ ಇಷ್ಟು ಕಠಿಣವಾಗಿರುವುದೇಕೆ ಎಂಬುದೇ ನಮ್ಮನ್ನು ಕಾಡುವ ಪ್ರಶ್ನೆ.

ಮೊದಲು ಅಂಕಿ ಅಂಶ. ದೆಹಲಿ, ಮುಂಬೈ, ಚೆನ್ನೈ, ಹೈದರಾಬಾದ್ ಮತ್ತು ಕೋಲ್ಕತ್ತಾಗಳಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಒಂದು ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತ ಪರೀಕ್ಷೆ ನಡೆಸಿ 2018ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ ಸುಮಾರು 1,130 ಶಿಶುಗಳಲ್ಲಿ ಒಂದಕ್ಕೆ ಈ ಕೊರತೆಯಿದೆ. ಪಾಶ್ಚಾತ್ಯ ದೇಶಗಳಲ್ಲಿ ಬಹುಕಾಲ ಹೇಳಲಾಗುತ್ತಿದ್ದ ಲೆಕ್ಕ ಮೂರು ನಾಲ್ಕು ಸಾವಿರಕ್ಕೆ ಒಂದು. ಅಂದರೆ ನಮ್ಮಲ್ಲಿ ಇದು ಅಪರೂಪದ ಕಾಯಿಲೆಯಲ್ಲ. ಹುಟ್ಟಿನಿಂದ ಬರುವ ಬುದ್ಧಿಮಾಂದ್ಯದ ಕಾರಣಗಳಲ್ಲಿ ಸುಲಭವಾಗಿ ತಡೆಯಬಹುದಾದ ಕಾರಣ ಇದಕ್ಕಿಂತ ಬೇರೊಂದು ಸಿಗುವುದು ಕಷ್ಟ. ಶಿವಮೊಗ್ಗ, ಭದ್ರಾವತಿಗಳ ನಮ್ಮ ಮೊಹಲ್ಲಾಗಳಲ್ಲಿ ‘ಭೋಲಾ’ ಎಂದು ಅಡ್ಡಹೆಸರು ಹೊತ್ತು, ಮಕ್ಕಳ ಕಲ್ಲು ತಿಂದು ಬಾಳಿ ಹೋದವರಲ್ಲಿ ಎಷ್ಟು ಮಂದಿ ಈ ಮಾತ್ರೆ ಸಿಗದೆ ಹಾಗಾದವರೋ ಅಲ್ಲಾಹನೇ ಬಲ್ಲ.

ಓದುಗರಲ್ಲಿ ಕೆಲವರು ಇಲ್ಲಿ ಉಪ್ಪಿನ ಮಾತು ಎತ್ತಬಹುದು. ಅಯೋಡಿನ್ ಕೊರತೆಯಿಂದ ಗಳಗಂಡ ಬರುತ್ತದೆಂಬುದನ್ನು ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಹಿಮಾಚಲದ ಕಾಂಗ್ರಾ ಕಣಿವೆಯಲ್ಲಿ 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿಯವರ ತಂಡವು ಆರಂಭಿಸಿದ ಅಧ್ಯಯನದ ಫಲವಾಗಿ 1962ರಲ್ಲಿ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮ ಬಂತು. ಇಂದು ಅಂಗಡಿಯ ಉಪ್ಪಿನಲ್ಲೆಲ್ಲ ಅಯೋಡಿನ್ ಇದೆ. ಅದು ದೊಡ್ಡ ಉಪಕಾರವೇ ಸರಿ. ಆದರೆ ನಾವು ಹೇಳುತ್ತಿರುವ ಮಕ್ಕಳಲ್ಲಿ ಬಹುತೇಕರಿಗೆ ಗ್ರಂಥಿಯೇ ರೂಪುಗೊಂಡಿರುವುದಿಲ್ಲ, ಅಥವಾ ತನ್ನ ಸ್ಥಾನಕ್ಕೆ ಬಾರದೆ ನಾಲಗೆಯ ಬುಡದಲ್ಲೆಲ್ಲೋ ಉಳಿದಿರುತ್ತದೆ. ಗಿರಣಿಯೇ ಇಲ್ಲದ ಊರಿಗೆ ಭತ್ತ ಸಾಗಿಸಿ ಫಲವೇನು? ಈ ಮಕ್ಕಳಿಗೆ ಉಪ್ಪು ಸಾಲದು, ಹಾರ್ಮೋನನ್ನೇ ಕೊಡಬೇಕು.

ಈ ಹಾರ್ಮೋನಿನ ಕಥೆ ಸ್ವಾರಸ್ಯಕರವಾಗಿದೆ. 1891ರಲ್ಲಿ ಇಂಗ್ಲೆಂಡಿನ ಜಾರ್ಜ್ ಮರ್ರೆ ಎಂಬ ಯುವ ವೈದ್ಯರು ಥೈರಾಯ್ಡ್ ಬತ್ತಿಹೋಗಿದ್ದ 46 ವರ್ಷದ ಮಹಿಳೆಯೊಬ್ಬರಿಗೆ ಕುರಿಯ ಗ್ರಂಥಿಯ ಸಾರವನ್ನು ಚುಚ್ಚಿದರು. ಆಕೆ ಮುಂದೆ 28 ವರ್ಷ ಬದುಕಿದರು. 1914ರಲ್ಲಿ ಅಮೆರಿಕದ ಎಡ್ವರ್ಡ್ ಕೆಂಡಾಲ್ ಶುದ್ಧ ಥೈರಾಕ್ಸಿನ್ ಬೇರ್ಪಡಿಸಿದರು. 1927ರ ಹೊತ್ತಿಗೆ ಅದನ್ನು ಪ್ರಯೋಗಶಾಲೆಯಲ್ಲಿ ತಯಾರಿಸುವ ವಿಧಾನ ಸಿದ್ಧವಾಗಿತ್ತು. ಮೊದಲಿಗೆ ಹಂದಿಯ ಒಣಗಿಸಿದ ಗ್ರಂಥಿಯ ಮಾತ್ರೆಗಳೂ ಬಳಕೆಯಲ್ಲಿದ್ದವು. ಅದನ್ನು ಎಲ್ಲೋ ಓದಿದವರು ಈಗಲೂ ಹಲಾಲ್ ಹರಾಮ್‌ನ ಸಂಶಯವೆತ್ತಿ ಮಾತ್ರೆ ನಿಲ್ಲಿಸುವುದುಂಟು. ನಮ್ಮ ಔಷಧದಂಗಡಿಗಳಲ್ಲಿ ಸಾಮಾನ್ಯವಾಗಿ ಸಿಗುವ ಥೈರಾಕ್ಸಿನ್ ರಾಸಾಯನಿಕವಾಗಿ ತಯಾರಾದದ್ದು, ಪ್ರಾಣಿಜನ್ಯ ಗ್ರಂಥಿಯಿಂದ ಬಂದದ್ದಲ್ಲ. ಆ ಸಂಶಯಕ್ಕೆ ಆಸ್ಪದವಿಲ್ಲ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ 1974ರ ಸುಮಾರಿಗೆ ಡಾ. ಜಾನ್ ಡುಸೋ ಅವರು ಶಿಶುವಿನ ಹಿಮ್ಮಡಿಯಿಂದ ತೆಗೆದ ರಕ್ತದ ಹನಿಯನ್ನು ಕಾಗದದ ಮೇಲೆ ಒಣಗಿಸಿ ಪರೀಕ್ಷಿಸುವ ಪದ್ಧತಿಯನ್ನು ಚಾಲ್ತಿಗೆ ತಂದರು. ಬುದ್ಧಿ ಮಂದವಾದ ಮೇಲೆ ಕಾಯಿಲೆ ಗುರುತಿಸುವ ಕಾಲ ಅಲ್ಲಿಗೆ ಮುಗಿಯಿತು. ಕ್ವಿಬೆಕ್‌ನಲ್ಲಿ ಮುಗಿಯಿತು, ಇಲ್ಲಿ ಇನ್ನೂ ಮುಗಿದಿಲ್ಲ.

ನಮ್ಮ ಸಭೆಗಳಲ್ಲಿ ಹನ್ನೆರಡನೆಯ ಶತಮಾನದ ಇಸ್ಮಾಈಲ್ ಜುರ್ಜಾನಿಯವರ ಹೆಸರು ಹೆಮ್ಮೆಯಿಂದ ಕೇಳಿಬರುತ್ತದೆ. ಕೊರಳಿನ ಗಂಟಿಗೂ ಕಣ್ಣುಗುಡ್ಡೆ ಹೊರಚಾಚುವುದಕ್ಕೂ ಇರುವ ನಂಟನ್ನು ಯುರೋಪಿನವರಿಗಿಂತ ಶತಮಾನಗಳ ಮೊದಲೇ ಫಾರಸಿಯಲ್ಲಿ ಬರೆದಿಟ್ಟ ವೈದ್ಯರು ಅವರು. ಹೆಮ್ಮೆ ಸಕಾರಣವೇ. ಆದರೆ ಜುರ್ಜಾನಿಯ ಹೆಸರು ಹೇಳಿ ಭಾಷಣ ಮುಗಿಸಿದವರ ಮನೆಯಲ್ಲೇ ಮಗುವಿನ ಹಿಮ್ಮಡಿಗೆ ಸೂಜಿ ಚುಚ್ಚಲು ‘ಪಾಪ, ಎಳೆ ಜೀವ’ ಎಂದು ಬೇಡವೆನ್ನುವುದಾದರೆ ಆ ಹೆಮ್ಮೆಯಿಂದ ಯಾರಿಗೆ ಲಾಭ?

ಶಿವಮೊಗ್ಗದಿಂದ ತೀರ್ಥಹಳ್ಳಿಯ ಕಡೆ ಹೋಗುವ ರಸ್ತೆಯಲ್ಲಿ ಗಾಜನೂರು ಸಿಗುತ್ತದೆ. ಮಳೆಗಾಲದಲ್ಲಿ ಅಲ್ಲಿನ ತುಂಗಾ ಅಣೆಕಟ್ಟು ತುಂಬಿದಾಗ ನೋಡಲು ನಗರದಿಂದ ಜನ ಸಂಸಾರ ಸಮೇತ ಬರುತ್ತಾರೆ. ಆ ಊರಿನ ಒಂದು ಕುಟುಂಬವನ್ನು ನಾವು ಬಲ್ಲೆವು. ತಂದೆ ಸರಕು ಸಾಗಿಸುವ ವಾಹನದ ಚಾಲಕ, ತಾಯಿ ಬೀಡಿ ಕಟ್ಟುತ್ತಾರೆ. ಮಗಳು ಹುಟ್ಟಿದ ತಿಂಗಳೊಳಗೆ ಕಾಮಾಲೆಯ ನೆಪದಲ್ಲಿ ನಡೆದ ಪರೀಕ್ಷೆಯಿಂದ ಕಾಯಿಲೆ ಗೊತ್ತಾಯಿತು. ಅದು ಅವರ ಅದೃಷ್ಟ. ಆ ತಾಯಿ ಆರಂಭದಿಂದಲೂ ಶ್ರದ್ಧೆಯಿಂದ ಮಾತ್ರೆ ಕೊಟ್ಟಿದ್ದಾರೆ. ಪುಡಿ ಮಾಡಿ, ಒಂದೆರಡು ಚಮಚ ಎದೆಹಾಲಿನಲ್ಲಿ ಕಲಸಿ, ಮಗು ಕಕ್ಕಿದರೆ ಮತ್ತೆ ಕೊಟ್ಟು, ಹಾಲಿನ ಬಾಟಲಿಗೆ ಸುರಿಯಬಾರದೆಂದು ವೈದ್ಯರು ಹೇಳಿದ್ದನ್ನು ನೆನಪಿಟ್ಟುಕೊಂಡು (ಬಾಟಲಿ ಪೂರ್ತಿ ಖಾಲಿಯಾಗದಿದ್ದರೆ ಔಷಧ ಎಷ್ಟು ಹೊಟ್ಟೆಗೆ ಹೋಯಿತೆಂಬುದೇ ತಿಳಿಯುವುದಿಲ್ಲ), ಮೊದಲ ವರ್ಷ ಒಂದೆರಡು ತಿಂಗಳಿಗೊಮ್ಮೆ, ಬಳಿಕ ಮೂರು ನಾಲ್ಕು ತಿಂಗಳಿಗೊಮ್ಮೆ ಶಿವಮೊಗ್ಗಕ್ಕೆ ಹೋಗಿ ರಕ್ತ ಕೊಡಿಸಿ ಬಂದಿದ್ದಾರೆ. ಮಲೆನಾಡಿನ ಮಳೆಯ ತಿಂಗಳುಗಳಲ್ಲಿ ಮಾತ್ರೆಗೆ ಥಂಡಿ ತಾಗದಂತೆ ಡಬ್ಬಿಯ ಮುಚ್ಚಳ ಬಿಗಿ ಮಾಡಿಡುತ್ತಾರೆ. ಒಲೆಯ ಬಳಿ ಇಡುವುದಿಲ್ಲ. ಪ್ರತಿ ಬೆಳಿಗ್ಗೆ ಖಾಲಿ ಹೊಟ್ಟೆಗೆ ಮಾತ್ರೆ, ಅರ್ಧ ಗಂಟೆಯ ಬಳಿಕ ತಿಂಡಿ. ಹುಡುಗಿ ಈಗ ಏಳನೆಯ ತರಗತಿಯಲ್ಲಿದ್ದಾಳೆ. ಎತ್ತರ, ತೂಕ, ಬುದ್ಧಿ ಎಲ್ಲವೂ ಸರಿಯಾಗಿವೆ.

ಆದರೆ ಆ ಡಬ್ಬಿ ಇರುವುದು ಪೆಟ್ಟಿಗೆಯೊಳಗೆ, ಬಟ್ಟೆಗಳ ಅಡಿಯಲ್ಲಿ. ಬಂಧುಗಳು ಬಂದಾಗ ಅದನ್ನು ಹೊರತೆಗೆಯುವಂತಿಲ್ಲ. ಭದ್ರಾವತಿಯಲ್ಲಿ ಚಿಕ್ಕಪ್ಪನ ಮಗಳ ಮದುವೆಗೆಂದು ಎರಡು ವಾರ ಹೋಗಿದ್ದಾಗ ಹೆಚ್ಚಿನ ದಿನಗಳಲ್ಲಿ ಮಾತ್ರೆಯೇ ಇಲ್ಲ. ಥೈರಾಕ್ಸಿನ್ ರಕ್ತದಲ್ಲಿ ನಿಧಾನವಾಗಿ ಇಳಿಯುವ ಔಷಧವಾದ್ದರಿಂದ ಒಂದು ದಿನ ತಪ್ಪಿದರೆ ಆಪತ್ತಿಲ್ಲ, ನೆನಪಾದಾಗ ತೆಗೆದುಕೊಳ್ಳಬಹುದು. ವಾರಗಟ್ಟಲೆ ಮತ್ತೆ ಮತ್ತೆ ತಪ್ಪಿದರೆ ಹಾಗಲ್ಲ. ಹುಡುಗಿ ಮಂಕಾದಳು, ತರಗತಿಯಲ್ಲಿ ತೂಕಡಿಸತೊಡಗಿದಳು, ಸೋಮಾರಿಯೆಂದು ಬೈಸಿಕೊಂಡಳು. ಶಿಕ್ಷಕರಿಗೆ ಕಾಯಿಲೆಯ ವಿಷಯ ಗೊತ್ತಿದ್ದರೆ ತಾನೆ ಅವರು ತಿಳಿದುಕೊಳ್ಳುವುದು?

ಇನ್ನೊಂದು ಸಂಗತಿ ನಮಗೆ ಇದಕ್ಕಿಂತಲೂ ಹೆಚ್ಚು ನೋವು ತಂದಿತು. ಗಾಜನೂರಿನಲ್ಲಿ ಜವಾಹರ ನವೋದಯ ವಿದ್ಯಾಲಯವಿದೆ. ಆರನೆಯ ತರಗತಿಗೆ ಪ್ರವೇಶ ಪರೀಕ್ಷೆಯ ಮೂಲಕ ಆಯ್ಕೆ. ಊಟ, ವಸತಿ, ಶಿಕ್ಷಣ ಎಲ್ಲವೂ ಅಲ್ಲಿಯೇ. ಜಿಲ್ಲೆಯ ಮೂಲೆ ಮೂಲೆಗಳಿಂದ ಮಕ್ಕಳು ಬಂದು ಓದುವ ಆ ಶಾಲೆಗೆ ಅದೇ ಊರಿನ ಈ ಹುಡುಗಿಯಿಂದ ಅರ್ಜಿಯನ್ನೇ ಹಾಕಿಸಲಿಲ್ಲ. ಹಾಸ್ಟೆಲಿನಲ್ಲಿ ಇತರ ಹುಡುಗಿಯರ ಎದುರು ದಿನವೂ ಮಾತ್ರೆ ನುಂಗಬೇಕಲ್ಲ, ಸುದ್ದಿ ಹರಡುತ್ತದಲ್ಲ ಎಂಬುದೊಂದೇ ಕಾರಣ. ಕಾಯಿಲೆಯು ಆ ಮಗುವಿನಿಂದ ಏನನ್ನೂ ಕಸಿದಿರಲಿಲ್ಲ. ಕಸಿದದ್ದು ನಮ್ಮ ಮರ್ಯಾದೆಯ ಭಯ.

ಆ ತಂದೆ ತಾಯಿಯನ್ನು ದೂರಲು ನಮಗೆ ಮನಸ್ಸಾಗುವುದಿಲ್ಲ. ಅವರು ಯಾರಿಗೆ ಹೆದರಿದ್ದಾರೆಂದು ಕೇಳಿ ನೋಡಿ. ಮೊದಲ ಭಯ ಮಗುವಿನ ತಾಯಿಯ ಮೇಲೆ ಬರುವ ಆರೋಪದ್ದು. ಗ್ರಹಣದ ದಿನ ಹೊರಗೆ ಹೋಗಿದ್ದಳು, ಬಸುರಿಯಲ್ಲಿ ಏನನ್ನೋ ತಿಂದಳು, ನಜರ್ ತಾಗಿದೆ, ಅವಳ ವಂಶದಲ್ಲೇ ದೋಷವಿದೆ. ಸೊಸೆಯ ಮೇಲೆ ಹೊರಿಸಲು ನಮ್ಮಲ್ಲಿ ಆರೋಪಗಳಿಗೆ ಬರವಿಲ್ಲ. ವಾಸ್ತವವೆಂದರೆ ಈ ಕಾಯಿಲೆಯ ಪ್ರಕರಣಗಳಲ್ಲಿ ಬಹುಪಾಲು ಯಾರ ವಂಶದಿಂದಲೂ ಬಂದವಲ್ಲ. ಭ್ರೂಣದಲ್ಲಿ ಗ್ರಂಥಿ ರೂಪುಗೊಳ್ಳುವಾಗ ಆಗುವ ವ್ಯತ್ಯಾಸ ಅದು. ತಾಯಿ ಏನು ತಿಂದರೂ ಬಿಟ್ಟರೂ ಅದು ಆಗುತ್ತಿತ್ತು. ಉಳಿದ ಕೆಲವು ಪ್ರಕರಣಗಳಲ್ಲಿ ಗ್ರಂಥಿಯಿದ್ದೂ ಹಾರ್ಮೋನು ತಯಾರಾಗುವುದಿಲ್ಲ. ಅದು ಮಾತ್ರ ಸಾಮಾನ್ಯವಾಗಿ ತಂದೆ ತಾಯಿ ಇಬ್ಬರಿಂದಲೂ ಬರಬೇಕಾದ ಲೋಪ. ಹತ್ತಿರದ ಸಂಬಂಧದಲ್ಲಿ ಮದುವೆಯಾದಾಗ ಅದರ ಸಾಧ್ಯತೆ ಹೆಚ್ಚುತ್ತದೆ. ಇಬ್ಬರಿಂದಲೂ ಎಂಬುದನ್ನು ಅತ್ತೆಯರು ಗಮನಿಸಬೇಕು.

ಸಂಬಂಧದೊಳಗಿನ ಮದುವೆಯ ಮಾತು ಬಂದಾಗ ಬೆರಳುಗಳು ನಮ್ಮ ಸಮುದಾಯದತ್ತ ತಿರುಗುವುದು ವಾಡಿಕೆಯಾಗಿದೆ. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎನ್. ಅಪ್ಪಾಜಿ ರಾವ್, ರಾಧಾ ರಮಾದೇವಿ ಮೊದಲಾದವರು ಕರ್ನಾಟಕದ ಲಕ್ಷಕ್ಕೂ ಹೆಚ್ಚು ನವಜಾತ ಶಿಶುಗಳ ರಕ್ತವನ್ನು ಬೇರೆ ಕೆಲವು ಜನ್ಮಜಾತ ಕಾಯಿಲೆಗಳಿಗಾಗಿ ಪರೀಕ್ಷಿಸಿದ್ದರು. ಆ ಕಾಲದ ಅಧ್ಯಯನಗಳಲ್ಲಿ ಸುಮಾರು ಮೂರನೆಯ ಒಂದು ಭಾಗದ ದಂಪತಿಗಳು ರಕ್ತಸಂಬಂಧಿಗಳೆಂದು ಕಂಡುಬಂತು. ಸೋದರಮಾವನೊಡನೆ ಮದುವೆಯಾಗುವ ರೂಢಿಯಿಂದಾಗಿ ಹಿಂದೂ ಸಮಾಜದಲ್ಲಿ ಆ ಪ್ರಮಾಣ ಮುಸ್ಲಿಮರಿಗಿಂತ ಹೆಚ್ಚೇ ಇತ್ತು. ಇದನ್ನು ಹೇಳುವುದು ನಮ್ಮನ್ನು ನಾವು ಸಮರ್ಥಿಸಿಕೊಳ್ಳಲಿಕ್ಕಲ್ಲ. ಚಾಚಾ, ಮಾಮೂವಿನ ಮಕ್ಕಳೊಡನೆ ಮದುವೆಗೆ ಶರೀಅತ್ ಅನುಮತಿ ನೀಡಿದೆ, ಆಜ್ಞೆ ನೀಡಿಲ್ಲ. ಆಸ್ತಿ ಹೊರಗೆ ಹೋಗಬಾರದೆಂದು ಮಾಡುವ ಮದುವೆಗೆ ಧರ್ಮದ ಹೆಸರು ಬೇಡ.

ಎರಡನೆಯ ಮತ್ತು ದೊಡ್ಡ ಭಯ ಮಗಳ ನಿಕಾಹ್‌ನದು. ‘ಥೈರಾಯ್ಡ್ ಹುಡುಗಿ’ ಎಂಬ ಹೆಸರು ಬಂದರೆ ಸಂಬಂಧ ಕೂಡಿಬರುವುದಿಲ್ಲವೆಂದು ತಂದೆ ತಾಯಿ ನಂಬಿದ್ದಾರೆ. ಅವರ ನಂಬಿಕೆ ಸುಳ್ಳೆಂದು ನಾವು ಹೇಳಲಾರೆವು. ಹಾಗೆ ಮುರಿದ ಮಾತುಕತೆಗಳನ್ನು ಕಂಡಿದ್ದೇವೆ. ಹುಡುಗನಿಗೆ ಇದೇ ಕಾಯಿಲೆಯಿದ್ದರೆ ಅದು ಮಾತಿಗೂ ಬರುವುದಿಲ್ಲ ಎಂಬುದನ್ನೂ ಕಂಡಿದ್ದೇವೆ. ಆದ್ದರಿಂದ ಮುಚ್ಚಿಡಬೇಡಿರೆಂದು ಹುಡುಗಿಯ ತಂದೆಗೆ ಉಪದೇಶಿಸಿ ಸುಮ್ಮನಾಗುವುದು ಸುಲಭ. ಅದರ ಬೆಲೆ ತೆರುವವಳು ಅವನ ಮಗಳು.

ಆದರೂ ಮುಚ್ಚಿಟ್ಟರೆ ಆಗುವುದೇನು? ಮದುವೆಯಾಗಿ ಹೋದ ಹುಡುಗಿ ಗಂಡನ ಮನೆಯಲ್ಲಿ ಡಬ್ಬಿ ಹೊರತೆಗೆಯಲು ಹೆದರುತ್ತಾಳೆ. ಒಂದೆರಡು ತಿಂಗಳಲ್ಲಿ ಮಾತ್ರೆ ನಿಲ್ಲುತ್ತದೆ. ಅಷ್ಟರಲ್ಲಿ ಆಕೆ ಗರ್ಭಿಣಿಯಾಗುತ್ತಾಳೆ. ಗರ್ಭದ ಮೊದಲ ತಿಂಗಳುಗಳಲ್ಲಿ ಭ್ರೂಣದ ಮೆದುಳಿಗೆ ಬೇಕಾದ ಥೈರಾಕ್ಸಿನ್ ತಾಯಿಯ ರಕ್ತದಿಂದಲೇ ಬರಬೇಕು. ಆ ಕಾಲದಲ್ಲಿ ಆಕೆಯ ಮಾತ್ರೆಯ ಪ್ರಮಾಣವನ್ನು ಸಾಮಾನ್ಯವಾಗಿ ಕಾಲುಭಾಗದಷ್ಟು ಅಥವಾ ಅದಕ್ಕೂ ಹೆಚ್ಚು ಏರಿಸಬೇಕಾಗುತ್ತದೆ. ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಆಗಬೇಕು. ಸರ್ಕಾರ ಕೊಡುವ ಕಬ್ಬಿಣ ಮತ್ತು ಕ್ಯಾಲ್ಸಿಯಂ ಮಾತ್ರೆಗಳನ್ನು ಥೈರಾಕ್ಸಿನ್ ನುಂಗಿದ ನಾಲ್ಕು ಗಂಟೆಗಳ ಬಳಿಕವಷ್ಟೇ ತೆಗೆದುಕೊಳ್ಳಬೇಕು. ಇದಾವುದೂ ಗುಟ್ಟಾಗಿ ನಡೆಯುವ ಕೆಲಸವಲ್ಲ. ಸರಿಯಾಗಿ ಮಾತ್ರೆ ತೆಗೆದುಕೊಂಡ ಹುಡುಗಿ ಆರೋಗ್ಯವಂತ ಮಕ್ಕಳನ್ನು ಹೆರುತ್ತಾಳೆ. ಮಾತ್ರೆ ಮುಚ್ಚಿಟ್ಟ ಹುಡುಗಿಗೆ ಗರ್ಭಪಾತವಾದಾಗ ಅದೇ ಅತ್ತೆ ಮನೆಯವರು ಆಕೆಯನ್ನು ತವರಿಗೆ ಅಟ್ಟುತ್ತಾರೆ. ಮರ್ಯಾದೆಗಾಗಿ ಮುಚ್ಚಿಟ್ಟ ಮಾತ್ರೆಯೇ ಮನೆ ಮುರಿಯುತ್ತದೆ.

ಮದ್ರಸದಲ್ಲಿ ನಾವು ಓದಿದ ಫಿಕ್ಹ್ ಗ್ರಂಥಗಳಲ್ಲಿ, ನಿಕಾಹ್ ರದ್ದುಪಡಿಸಲು ಆಸ್ಪದ ಕೊಡುವ ದೋಷಗಳಾವುವೆಂಬ ಚರ್ಚೆಯಿದೆ. ಉನ್ಮಾದ, ಕುಷ್ಠ ಮೊದಲಾದವನ್ನು ಇಮಾಮರು ಅಲ್ಲಿ ಪರಿಶೀಲಿಸಿದ್ದಾರೆ. ದಿನಕ್ಕೊಂದು ಮಾತ್ರೆಯಿಂದ ಪೂರ್ಣ ಹತೋಟಿಯಲ್ಲಿರುವ, ದಾಂಪತ್ಯಕ್ಕೂ ಸಂತಾನಕ್ಕೂ ಅಡ್ಡಿಯಾಗದ ಸ್ಥಿತಿಯನ್ನು ಆ ಸಾಲಿಗೆ ಸೇರಿಸಲು ಯಾವ ನ್ಯಾಯವೂ ಇಲ್ಲ. ಹುಡುಗಿಯ ಕಡೆಯವರು ಮಾತುಕತೆಯ ಮೊದಲ ಹಂತದಲ್ಲೇ ತಲೆಯೆತ್ತಿ ಹೇಳಲಿ, ಡಬ್ಬಿಯನ್ನೂ ವರದಿಗಳನ್ನೂ ತೋರಿಸಲಿ. ಅದನ್ನು ಕೇಳಿ ಎದ್ದುಹೋಗುವ ವರನ ಕಡೆಯವರನ್ನು ಪ್ರಶ್ನಿಸುವ ಧೈರ್ಯ ಜಮಾಅತಿನ ಹಿರಿಯರಿಗೆ ಬರಲಿ. ವರದಕ್ಷಿಣೆಯ ವಿರುದ್ಧ ಮಿಂಬರಿನಿಂದ ಮಾತನಾಡುವ ಖತೀಬರು ಒಂದು ಶುಕ್ರವಾರ ಈ ವಿಷಯವನ್ನೂ ಎತ್ತಿಕೊಂಡರೆ ಅದರ ಪರಿಣಾಮ ನಮ್ಮ ಹತ್ತು ಲೇಖನಗಳಿಗಿಂತ ಹೆಚ್ಚು.

ರಮಝಾನ್ ಬಂದಾಗ ಇನ್ನೊಂದು ಗೊಂದಲ. ಚಿಕ್ಕ ಮಕ್ಕಳ ಮೇಲೆ ಉಪವಾಸ ಕಡ್ಡಾಯವಲ್ಲ. ಪ್ರಾಯಕ್ಕೆ ಬಂದ ಬಳಿಕವೂ ಥೈರಾಕ್ಸಿನ್ ದಿನಕ್ಕೆ ಒಂದೇ ಬಾರಿ ತೆಗೆದುಕೊಳ್ಳುವ ಔಷಧವಾದ್ದರಿಂದ ಸಹರಿಯ ಊಟಕ್ಕೆ ಅರ್ಧ ಗಂಟೆ ಮೊದಲು, ಇಲ್ಲವೇ ರಾತ್ರಿ ಊಟವಾಗಿ ಮೂರು ಗಂಟೆಗಳ ಬಳಿಕ ಮಲಗುವಾಗ ನುಂಗಬಹುದು. ವೈದ್ಯರನ್ನು ಕೇಳಿ ಸಮಯ ನಿಗದಿ ಮಾಡಿಕೊಂಡರೆ ರೋಝಾವೂ ಉಳಿಯುತ್ತದೆ, ಔಷಧವೂ ತಪ್ಪುವುದಿಲ್ಲ. ಈ ಮಾತನ್ನು ಎಲ್ಲ ಹಾರ್ಮೋನು ಕಾಯಿಲೆಗಳಿಗೂ ಅನ್ವಯಿಸಬಾರದು. ಇನ್ಸುಲಿನ್ ಮೇಲೆ ಬದುಕಿರುವ ಮಕ್ಕಳಿಗೆ, ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಯ ಕೊರತೆಯಿಂದ ಸ್ಟಿರಾಯ್ಡ್ ಮಾತ್ರೆ ತೆಗೆದುಕೊಳ್ಳುವ ಮಕ್ಕಳಿಗೆ ಉಪವಾಸವು ಪ್ರಾಣಾಪಾಯ ತರಬಹುದು. ರೋಗಿಗೆ ಕುರ್‌ಆನ್ ನೀಡಿರುವ ರಿಯಾಯಿತಿಯನ್ನು ನಿರಾಕರಿಸುವುದು ಧರ್ಮನಿಷ್ಠೆಯೆನಿಸುವುದಿಲ್ಲ.

ಇನ್ನು ‘ಇಂಗ್ಲಿಷ್ ಮಾತ್ರೆ ಬದುಕಿಡೀ ಬೇಕೆ, ಬೇರೆ ಮದ್ದಿಲ್ಲವೆ’ ಎಂಬ ಪ್ರಶ್ನೆ. ಮೂರು ವರ್ಷ ತುಂಬಿದ ಮೇಲೆ ಕೆಲವು ಮಕ್ಕಳಲ್ಲಿ ವೈದ್ಯರೇ ಒಂದು ತಿಂಗಳು ಮಾತ್ರೆ ನಿಲ್ಲಿಸಿ ಪರೀಕ್ಷಿಸಿ ನೋಡುತ್ತಾರೆ. ಕೆಲವರಲ್ಲಿ ಕೊರತೆ ತಾತ್ಕಾಲಿಕವಾಗಿದ್ದು ಮಾತ್ರೆ ಬಿಡಬಹುದು. ಆ ತೀರ್ಮಾನ ರಕ್ತದ ವರದಿ ನೋಡಿ ಆಗಬೇಕು. ನೆರೆಯವರ ಮಾತು ಕೇಳಿ ಹಿಜಾಮಾ ಮಾಡಿಸಿ, ತಾವೀಝು ಕಟ್ಟಿಸಿ, ಕಷಾಯ ಕುಡಿಸಿ ಮಾತ್ರೆ ನಿಲ್ಲಿಸುವುದು ಮಗುವಿಗೆ ಬಗೆಯುವ ದ್ರೋಹ. ಇಲ್ಲದ ಗ್ರಂಥಿಯನ್ನು ಯಾವ ಬೇರೂ ಚಿಗುರಿಸುವುದಿಲ್ಲ. ದುಆ ಮಾಡೋಣ, ಮಾತ್ರೆಯನ್ನೂ ಕೊಡೋಣ.

ಸರ್ಕಾರದ ಹೊಣೆಯ ಬಗ್ಗೆಯೂ ಮಾತನಾಡಲೇಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ಮಕ್ಕಳಲ್ಲಿ ಹುಡುಕಬೇಕಾದ 30 ಆರೋಗ್ಯ ಸಮಸ್ಯೆಗಳನ್ನು ಪಟ್ಟಿ ಮಾಡಿತು. ಅದರಲ್ಲಿ ಜನ್ಮಜಾತ ಹೈಪೋಥೈರಾಯ್ಡಿಸಂ ಇದೆ, ಆದರೆ ಐಚ್ಛಿಕವೆಂಬ ಷರಾ ಸಹಿತ. ರಾಜ್ಯಗಳು ಬೇಕಿದ್ದರೆ ಮಾಡಲಿ ಎಂದರ್ಥ. ಗೋವಾ 2008ರಲ್ಲೇ ನವಜಾತ ಶಿಶುಗಳ ಪರೀಕ್ಷೆ ಆರಂಭಿಸಿತು. ಕೇರಳವು ತನ್ನ ಸರ್ಕಾರಿ ಹೆರಿಗೆ ಆಸ್ಪತ್ರೆಗಳಲ್ಲಿ ಇದೂ ಸೇರಿದಂತೆ ನಾಲ್ಕು ಕಾಯಿಲೆಗಳಿಗೆ ಹಿಮ್ಮಡಿಯ ರಕ್ತ ತೆಗೆಯುವ ಯೋಜನೆ ಜಾರಿಗೆ ತಂದಿತು. ನಾಲ್ಕು ದಶಕಗಳ ಹಿಂದೆಯೇ ಲಕ್ಷ ಶಿಶುಗಳನ್ನು ಪರೀಕ್ಷಿಸಿ ದೇಶಕ್ಕೆ ದಾರಿ ತೋರಿದ ಕರ್ನಾಟಕದಲ್ಲಿ ಪ್ರತಿ ಹೆರಿಗೆ ಕೊಠಡಿಯಲ್ಲೂ ಇದು ಹಕ್ಕಾಗಬೇಕು. ಚುನಾವಣೆಯ ಸಮಯದಲ್ಲಿ ನಮ್ಮ ಮೊಹಲ್ಲಾಗಳಿಗೆ ಬರುವ ಅಭ್ಯರ್ಥಿಗಳಲ್ಲಿ ನಾವು ಕೇಳುವುದು ಖಬರ್‌ಸ್ತಾನದ ಕಾಂಪೌಂಡು, ಶಾದಿ ಮಹಲ್. ಸತ್ತವರಿಗೂ ಮದುವೆಯಾಗುವವರಿಗೂ ಕೇಳಿದ್ದಾಯಿತು. ಹುಟ್ಟುವವರ ಪರವಾಗಿ ಯಾರು ಕೇಳುವುದು?

ಸರ್ಕಾರ ಮಾಡುವವರೆಗೆ ಕಾಯಬೇಕಾಗಿಯೂ ಇಲ್ಲ. ಈ ಪರೀಕ್ಷೆಯ ಖರ್ಚು ಕೆಲವು ನೂರು ರೂಪಾಯಿಗಳನ್ನು ಮೀರುವುದಿಲ್ಲ. ನಮ್ಮ ಮಸೀದಿ ಸಮಿತಿಗಳು ಹೃದಯದ ಶಸ್ತ್ರಕ್ರಿಯೆಗೆ, ಬಡ ಹುಡುಗಿಯ ಮದುವೆಗೆ ಸಾವಿರಾರು ರೂಪಾಯಿ ಎತ್ತಿ ಕೊಡುತ್ತವೆ. ಫೋಟೋ ಬರುವಂತಹ ದಾನಗಳು ಅವು. ಮೂರು ತಿಂಗಳಿಗೊಮ್ಮೆ ಗಾಜನೂರಿನಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಮಗುವನ್ನು ಕರೆತರುವ ಬಸ್ ಖರ್ಚು, ಆ ದಿನ ತಪ್ಪುವ ಕೂಲಿ, ಇಂತಹ ಚಿಲ್ಲರೆ ವೆಚ್ಚಗಳಿಗೆ ಯಾವ ನಿಧಿಯೂ ಇಲ್ಲ. ಬದುಕಿಡೀ ಉಳಿಯುವ ಕಾಯಿಲೆಯಲ್ಲಿ ಬಡವರು ಸೋಲುವುದು ಈ ಚಿಲ್ಲರೆಯಲ್ಲೇ.

ಹುಟ್ಟಿದ ಕೂಡಲೇ ರಕ್ತ ತೆಗೆದರೆ ಟಿ.ಎಸ್.ಎಚ್. ಪ್ರಮಾಣ ಸಹಜವಾಗಿಯೇ ಏರಿರುತ್ತದೆ. ಆದ್ದರಿಂದ 48 ಗಂಟೆಗಳ ಬಳಿಕ, ಮೂರನೆಯ ದಿನದ ಸುಮಾರಿಗೆ ತೆಗೆಯುವುದು ಉತ್ತಮ. ಅಷ್ಟರಲ್ಲಿ ಆಸ್ಪತ್ರೆಯಿಂದ ಮನೆಗೆ ಕಳುಹಿಸುವುದಾದರೆ ಹೆರಿಗೆಯ ಸಮಯದಲ್ಲೇ ಹೊಕ್ಕುಳಬಳ್ಳಿಯ ರಕ್ತ ತೆಗೆದಿಡಬಹುದು, ಇದನ್ನು ಹೆರಿಗೆಗೆ ಮೊದಲೇ ವೈದ್ಯರೊಡನೆ ಮಾತನಾಡಿಡಬೇಕು. ಏಳನೆಯ ದಿನ ಅಕೀಕಾ ಮಾಡಿ ಹೆಸರಿಡುವ ಮನೆಗಳಲ್ಲಿ ಕುರಿಯ ಬೆಲೆ ವಿಚಾರಿಸಲು ಹೋಗುವ ತಂದೆಯೋ ಚಾಚಾನೋ ಅದೇ ದಾರಿಯಲ್ಲಿ ಆಸ್ಪತ್ರೆಗೂ ಹೋಗಿ ವರದಿ ಕೇಳಿ ಬರಲಿ.